ಡಿ ಡ್ರೈವಿನಲ್ಲಿದ್ದ ಆರುನೂರ ಹದಿನಾಲ್ಕು ಬೋಟುಗಳು

ಜುಲೈ ಇಪ್ಪತ್ತೆರಡರ ಸೋಮವಾರ ಬೆಳಿಗ್ಗೆ, ಬೈಕಂಪಾಡಿಯ ಒಂದು ಲೇತ್ ವರ್ಕ್‌ಶಾಪಿನಲ್ಲಿ, ರತ್ನಾವತಿ ಗೋಡೆಯ ಸಾಕೆಟ್ಟಿನಿಂದ ಕಂಪ್ಯೂಟರಿನ ಪ್ಲಗ್ಗನ್ನು ಎಳೆದು ಕಿತ್ತರು. ಸ್ವಿಚ್ಚು ಆರಿಸುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ಪರದೆ ಕಪ್ಪಾಯಿತು. ಪೆಟ್ಟಿಗೆಯೊಳಗಿನ ಫ್ಯಾನು ಇನ್ನೆರಡು ಸುತ್ತು ತಿರುಗಿ ನಿಂತಿತು. ಕೀಲಿಮಣೆಯ ಮುಂದೆ ಕೂತಿದ್ದ, ಕಂಪ್ಯೂಟರ್ ರಿಪೇರಿಯ ಗ್ಲೆನ್, ಬೆರಳುಗಳನ್ನು ಗಾಳಿಯಲ್ಲಿ ಹಿಡಿದೇ ಉಳಿದ.

“ರತ್ನಕ್ಕ, ಎಂತ ಮಾಡಿದ್ರಿ! ಇನ್‌ಸ್ಟಾಲ್ ಆಗ್ತಾ ಇತ್ತಲ್ಲ!”

“ಡಿ ಎಲ್ಲಿ?”

“ಡಿ ಇರ್ತದೆ ಅಕ್ಕ. ಡಿ ಯಾವಾಗಲೂ ಇರ್ತದೆ.”

“ಪರದೆಯಲ್ಲಿ ಮೂರು ಬಣ್ಣದ ಪಟ್ಟಿ ಇತ್ತು. ನೀನು ಒತ್ತಿದ ಮೇಲೆ ಒಂದೇ ಬಣ್ಣ ಆಯ್ತು. ಅದಕ್ಕೇ ಕೇಳ್ತಾ ಇದ್ದೇನೆ, ಡಿ ಎಲ್ಲಿ?”

ಗ್ಲೆನ್ ಕಪ್ಪು ಪರದೆಯನ್ನು ನೋಡಿದ. ಪ್ಲಗ್ಗು ಇನ್ನೂ ರತ್ನಾವತಿಯ ಮುಷ್ಟಿಯಲ್ಲೇ ಇತ್ತು.

ರತ್ನಾವತಿಗೆ ಈಗ ಐವತ್ತೇಳು ವರ್ಷ. ಗುರುಪುರದ ಆಚೆಯ ಒಂದು ಬಂಟರ ಗುತ್ತಿನ, ಎಂದರೆ ಹಳೆಯ ಜಮೀನ್ದಾರಿ, ಮನೆಯವರು. ಅವರ ಓರಗೆಯ ಹೆಣ್ಣುಮಕ್ಕಳು ಮುಂಬಯಿಯ ಹೋಟೆಲು ಮಾಲೀಕರನ್ನು ಮದುವೆಯಾಗಿ ಹೋಗುತ್ತಿದ್ದ ಕಾಲದಲ್ಲಿ ಇವರು ಐಟಿಐ ಸೇರಿ ಯಂತ್ರಭಾಗಗಳ ನಕ್ಷೆ ಬರೆಯುವ ತರಬೇತಿ ಪಡೆದರು. ತರಗತಿಯಲ್ಲಿ ಇಪ್ಪತ್ತು ಗಂಡುಮಕ್ಕಳು, ಇಬ್ಬರು ಹುಡುಗಿಯರು. ಆ ಮನೆಯಲ್ಲಿ ತಾಯಿಯ ಅಣ್ಣನ ಮಾತೇ ಕೊನೆಯ ಮಾತು. “ಗುತ್ತಿನ ಹೆಣ್ಣು ಕಬ್ಬಿಣದ ಶೆಡ್ಡಿನಲ್ಲಿ ಕೂತು ಗೆರೆ ಎಳೆಯುದಾ?” ಎಂದು ಅವರು ಕೇಳಿದಾಗ, “ಎಳೀತೇನೆ ಮಾವ, ನೇರ ಎಳೀತೇನೆ” ಎಂದು ಹದಿನೆಂಟರ ಹುಡುಗಿ ಹೇಳಿದ್ದಳಂತೆ. ೧೯೮೯ರಲ್ಲಿ ಈ ವರ್ಕ್‌ಶಾಪಿಗೆ ಬಂದರು. ಆಗ ಬೆನೆಡಿಕ್ಟರ ತಂದೆ ಇದರ ಮಾಲೀಕರು, ಈಗ ಬೆನೆಡಿಕ್ಟ್. ಬಿಕರ್ನಕಟ್ಟೆಯ ಮನೆಯಿಂದ ಎರಡು ಬಸ್ಸು ಹಿಡಿದು ಬರುವ ರತ್ನಾವತಿ ಮಾತ್ರ ಬದಲಾಗಿಲ್ಲ.

ಈ ವರ್ಕ್‌ಶಾಪಿನ ಮುಖ್ಯ ಕೆಲಸ ಮೀನುಗಾರಿಕೆ ಬೋಟುಗಳ ಶಾಫ್ಟು. ಇಂಜಿನ್ನಿನಿಂದ ಹೊರಟು, ಬೋಟಿನ ಹಿಂಭಾಗವನ್ನು ತೂರಿಕೊಂಡು ನೀರಿನೊಳಗಿನ ಪ್ರೊಪೆಲ್ಲರನ್ನು ತಿರುಗಿಸುವ ಉದ್ದನೆಯ ಉಕ್ಕಿನ ದಂಡ ಅದು. ಎರಡು ಬೋಟುಗಳ ಶಾಫ್ಟು ಒಂದೇ ಅಳತೆಯದಾಗಿರುವುದು ಅಪರೂಪ. ಪ್ರೊಪೆಲ್ಲರು ಕೂರುವ ತುದಿಯನ್ನು ಸ್ವಲ್ಪ ಸ್ವಲ್ಪವೇ ಕಿರಿದಾಗುವಂತೆ ಕಡೆಯಬೇಕು, ಆ ಇಳಿಜಾರು ಒಂದೊಂದು ಬೋಟಿಗೆ ಒಂದೊಂದು ರೀತಿ. ಕೂದಲೆಳೆಯಷ್ಟು ತಪ್ಪಿದರೆ ಪ್ರೊಪೆಲ್ಲರು ಅಲುಗುತ್ತದೆ, ಅಲುಗಿದ್ದು ನಡುಸಮುದ್ರದಲ್ಲಿ ಕಳಚುತ್ತದೆ. ಹಳೆಯ ಶಾಫ್ಟನ್ನು ಅಳೆದು ಹೊಸದನ್ನು ಮಾಡಬಹುದಲ್ಲ ಎಂದು ಹೊರಗಿನವರಿಗೆ ಅನಿಸುತ್ತದೆ. ಆದರೆ ಸವೆದುಹೋದ ಶಾಫ್ಟು ತಾನು ಹೊಸದಿದ್ದಾಗ ಎಷ್ಟಿದ್ದೆನೆಂದು ಹೇಳುವುದಿಲ್ಲ. ಅದಕ್ಕಾಗಿಯೇ ರತ್ನಾವತಿ ಪ್ರತಿ ಬೋಟಿಗೂ ಒಂದು ನಕ್ಷೆ ಬರೆದಿಟ್ಟಿದ್ದರು. ಮೊದಲು ಟ್ರೇಸಿಂಗ್ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಕಾಗದದವನ್ನು ಗೆದ್ದಲು ಮುಗಿಸುವ ಮೊದಲು ಅಷ್ಟನ್ನೂ ಕಂಪ್ಯೂಟರಿನಲ್ಲಿ ಮತ್ತೆ ಬರೆದರು. ಒಟ್ಟು ಆರುನೂರ ಹದಿನಾಲ್ಕು ಬೋಟುಗಳು. ಅವೆಲ್ಲ ಇದ್ದದ್ದು ಡಿ ಡ್ರೈವಿನಲ್ಲಿ.

ಡಿಯಲ್ಲೇ ಏಕೆ ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಹಂಪನಕಟ್ಟೆಯಿಂದ ಸುರತ್ಕಲ್ಲಿನವರೆಗೆ ಪ್ರತಿ ಕಂಪ್ಯೂಟರ್ ಅಂಗಡಿಯವನೂ ಮೊದಲು ಕಲಿಸುವ ಪಾಠ ಅದು. ವಿಂಡೋಸ್ ಸಿಯಲ್ಲಿರುತ್ತದೆ, ಹಾಳಾದರೆ ಸಿಯನ್ನು ಅಳಿಸಿ ಮತ್ತೆ ಹಾಕುತ್ತೇವೆ. ನಿಮ್ಮ ಕೆಲಸ ಡಿಯಲ್ಲಿಡಿ, ಅದಕ್ಕೆ ಏನೂ ಆಗುವುದಿಲ್ಲ. ಫೋಟೋ ಸ್ಟುಡಿಯೋದವರು ಮದುವೆಗಳನ್ನು ಡಿಯಲ್ಲಿಟ್ಟರು, ವಕೀಲರು ವ್ಯಾಜ್ಯಗಳನ್ನು ಡಿಯಲ್ಲಿಟ್ಟರು. ಇಪ್ಪತ್ತು ವರ್ಷ ಆ ನಂಬಿಕೆ ಸುಳ್ಳಾಗಲಿಲ್ಲ, ಏಕೆಂದರೆ ಇಪ್ಪತ್ತು ವರ್ಷವೂ ವಿಂಡೋಸನ್ನು ತೆಗೆದು ಹಾಕುತ್ತಿದ್ದುದು ವಿಂಡೋಸನ್ನೇ.

ಈ ಸಲ ಹಾಕಹೊರಟಿದ್ದು ವಿಂಡೋಸಿನ ಬದಲಿಗೆ ಬಳಸುವ ಲಿನಕ್ಸ್. ಶಾಪಿನ ದೊಡ್ಡ ಲೇತನ್ನು ನಡೆಸುವ ಕಂಪ್ಯೂಟರು ಹಳೆಯದು. ಅದರಲ್ಲಿದ್ದ ವಿಂಡೋಸ್ ಇನ್ನೂ ಹಳೆಯದು. ಹಿಂದಿನ ವಾರ ಶಾಫ್ಟೊಂದನ್ನು ಕಡೆಯುತ್ತಿರುವಾಗ ಕಂಪ್ಯೂಟರು ನಡುವೆ ಸ್ತಬ್ಧವಾಗಿ, ಉಳಿ ಉಕ್ಕಿನೊಳಗೆ ನಾಟಿ, ಶಾಫ್ಟು ಗುಜರಿಗೆ ಹೋಯಿತು. ಲೇತನ್ನು ನಡೆಸುವ ಉಚಿತ ತಂತ್ರಾಂಶವೊಂದು ಲಿನಕ್ಸಿನಲ್ಲಿದೆಯೆಂದು ಗ್ಲೆನ್ ಹೇಳಿದ. ಅದು ನಿಜ. ಅಳವಡಿಸುವಾಗ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತು: ಇಡೀ ಡಿಸ್ಕನ್ನು ಅಳಿಸಿ ಹಾಕಲೇ, ಅಥವಾ ಬೇರೆ ವಿಧಾನ ಬೇಕೇ? ಗ್ಲೆನ್ ಮೊದಲನೆಯದನ್ನು ಒತ್ತಿದ. ಅವನ ಮಟ್ಟಿಗೆ ಅಳಿಸುವುದೆಂದರೆ ಸಿಯನ್ನು ಅಳಿಸುವುದು. ಲಿನಕ್ಸಿಗೆ ಸಿ, ಡಿ ಎಂಬ ಹೆಸರುಗಳೇ ಗೊತ್ತಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ.

ಗದ್ದಲ ಕೇಳಿ ಬೆನೆಡಿಕ್ಟ್ ತಮ್ಮ ಕೋಣೆಯಿಂದ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದರು.

“ಎಂತ ಆಯ್ತು?”

“ಡಿ ಹೋಯ್ತು ಸರ್,” ಎಂದರು ರತ್ನಾವತಿ.

“ಹೋದ್ರೆ ಹೋಯ್ತು. ಇ ಡ್ರೈವಿನಲ್ಲಿ ಇನ್ನೊಂದು ಕಾಪಿ ಉಂಟಲ್ಲ? ಅದಕ್ಕೇ ಅಲ್ವಾ ಇ ಮಾಡಿಸಿದ್ದು?”

ರತ್ನಾವತಿ ಲೇತ್ ನಡೆಸುವ ಟರ್ನರ್ ಮುದ್ದುವಿನ ಕಡೆ ಕೈ ಚಾಚಿದರು. ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದ ಮುದ್ದು, ಯಾವುದು ಬೇಕೆಂದು ಕೇಳದೆ ಸ್ಕ್ರೂಡ್ರೈವರ್ ಕೊಟ್ಟ. ಅವರು ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದರು. ಧೂಳಿನ ನಡುವೆ ಪ್ರಾರ್ಥನಾಪುಸ್ತಕದಷ್ಟು ದೊಡ್ಡ ಲೋಹದ ಪೆಟ್ಟಿಗೆ ಒಂದೇ ಒಂದು ಕೂತಿತ್ತು.

ಮುದ್ದು ಬಗ್ಗಿ ನೋಡಿ, ಕ್ರೈಸ್ತ ಹಿರಿಯರನ್ನು ತುಳುವರು ಗೌರವದಿಂದ ಕರೆಯುವಂತೆ ಬೆನೆಡಿಕ್ಟರನ್ನು ಕರೆದ: “ಪೊರ್ಬುಲೇ, ಮೂರು ಡ್ರೈವ್ ಅಂತ ಹೇಳ್ತಿದ್ರಲ್ಲ? ಇಲ್ಲಿ ಒಂದೇ ಉಂಟು.”

“ಒಂದರಲ್ಲೇ ಮೂರು ಭಾಗ ಮಾಡುದು,” ಎಂದ ಗ್ಲೆನ್, ಸಣ್ಣ ಧ್ವನಿಯಲ್ಲಿ.

“ಅಂದ್ರೆ ಒಂದು ಶಾಫ್ಟಿಗೆ ಮೂರು ಸ್ಟೆಪ್ಪು. ಶಾಫ್ಟೇ ಮುರಿದ್ರೆ ಮೂರೂ ಒಟ್ಟಿಗೆ. ಒಳ್ಳೇ ಕಾಪಿ ಮಾರಾಯ!”

ಬೆನೆಡಿಕ್ಟ್ “ಸಾಯ್ಬಾ ದೇವಾ” ಎಂದು ಸ್ಟೂಲಿನ ಮೇಲೆ ಕೂತರು. ಆದರೆ ಬಹಳ ಹೊತ್ತು ಕೂರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಯಾಂತ್ರಿಕ ಬೋಟುಗಳು ಸಮುದ್ರಕ್ಕಿಳಿಯಬಾರದೆಂಬ ಎರಡು ತಿಂಗಳ ನಿಷೇಧ ಜುಲೈ ಮೂವತ್ತೊಂದಕ್ಕೆ ಮುಗಿಯುತ್ತದೆ. ವರ್ಷದ ರಿಪೇರಿಯೆಲ್ಲ ಆ ಎರಡು ತಿಂಗಳಲ್ಲೇ ಆಗಬೇಕು. ಇನ್ನು ಹತ್ತು ದಿನ ಉಳಿದಿತ್ತು, ಹನ್ನೆರಡು ಶಾಫ್ಟು ಬಾಕಿಯಿತ್ತು.

“ನೋಡಿ, ಮೆಷಿನ್ ಓಡಬೇಕು. ಗ್ಲೆನ್, ನೀನು ಶುರು ಮಾಡಿದ್ದನ್ನು ಮುಗಿಸು. ಡ್ರಾಯಿಂಗ್ ಆಮೇಲೆ ನೋಡುವ.”

“ಇವನು ಮುಗಿಸಿದ್ರೆ ಆಮೇಲೆ ನೋಡ್ಲಿಕ್ಕೆ ಎಂತದೂ ಉಳಿಯುದಿಲ್ಲ ಸರ್,” ಎಂದರು ರತ್ನಾವತಿ. ಡಿಸ್ಕಿಗೆ ಸಿಕ್ಕಿಸಿದ್ದ ಎರಡು ವಯರುಗಳನ್ನು ಬಿಡಿಸಿ, ನಾಲ್ಕು ಸ್ಕ್ರೂ ತೆಗೆದು, ಅದನ್ನು ಕೈವಸ್ತ್ರದಲ್ಲಿ ಸುತ್ತಿ ತಮ್ಮ ಚೀಲದೊಳಗಿಟ್ಟುಕೊಂಡರು. “ಗುರುವಾರ ಸಂಜೆವರೆಗೆ ಇದರ ಮೇಲೆ ಯಾರೂ ಒಂದಕ್ಷರ ಬರೀಬಾರದು.”

“ನೀವು ಕಂಪ್ಯೂಟರ್ ಇಂಜಿನಿಯರಾ ಮಾರಾಯ್ರೆ?”

“ಅಲ್ಲ ಸರ್. ಇಂಜಿನಿಯರ್ ಇಲ್ಲಿ ಕೂತಿದ್ದಾನಲ್ಲ.”

ಮುದ್ದು ನಗುವನ್ನು ಕೆಮ್ಮಾಗಿ ಬದಲಾಯಿಸಿದ. ಬೆನೆಡಿಕ್ಟ್ ಕನ್ನಡಕವನ್ನು ಹಣೆಯಿಂದ ಇಳಿಸಿ, ಮತ್ತೆ ಏರಿಸಿ, ಗುರುವಾರದವರೆಗೆ ಎಂದು ಒಪ್ಪಿದರು. ಅಷ್ಟು ದಿನ ಮುದ್ದು ಕೈಯಿಂದ ತಿರುಗಿಸುವ ಹಳೆಯ ಲೇತಿನಲ್ಲಿ, ನಕ್ಷೆ ಬೇಡದ ಚಿಲ್ಲರೆ ಕೆಲಸ ಮುಗಿಸುವುದೆಂದು ತೀರ್ಮಾನವಾಯಿತು.

ಡಿಸ್ಕಿನ ಬಗ್ಗೆ ರತ್ನಾವತಿಯ ಓದು ಬಸ್ಸಿನಲ್ಲಿ ನಡೆಯಿತು. ಕೂಳೂರು ಸೇತುವೆಯ ಮೇಲೆ ಲಾರಿಗಳ ಹಿಂದೆ ಬಸ್ಸು ನಿಂತೇ ಇರುವುದು ಅಲ್ಲಿಯವರ ನಿತ್ಯದ ದೂರು. ಆ ವಾರ ಅವರಿಗೆ ಅದೇ ತರಗತಿಯಾಯಿತು. ಫೋನಿನ ಪರದೆಯಲ್ಲಿ, ಇಂಗ್ಲಿಷಿನಲ್ಲಿ, ಒಂದೊಂದು ವಾಕ್ಯವನ್ನು ಎರಡೆರಡು ಸಲ ಓದಿದರು. ತಿಳಿಯದ ಪದವನ್ನು ಬಸ್ ಟಿಕೆಟಿನ ಹಿಂಬದಿಗೆ ಬರೆದುಕೊಂಡರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮಂಗಳವಾರ ಬೈಕಂಪಾಡಿಯಲ್ಲಿ ಇಳಿಯುವಾಗ ಒಂದು ವಿಷಯ ಅವರಿಗೆ ಸ್ಪಷ್ಟವಾಗಿತ್ತು. ಡಿಸ್ಕಿನ ಮೊದಲ ತುಣುಕಿನಲ್ಲಿ ನಾಲ್ಕೇ ಸಾಲಿನ ಒಂದು ಕೋಷ್ಟಕವಿರುತ್ತದೆ: ಯಾವ ಭಾಗ ಎಲ್ಲಿ ಆರಂಭ, ಎಷ್ಟು ಉದ್ದ. ಗ್ಲೆನ್ ಒತ್ತಿದ ಗುಂಡಿ ಮೊದಲು ಬದಲಾಯಿಸಿದ್ದು ಆ ಕೋಷ್ಟಕವನ್ನು. ಒಳಗಿನ ನಕ್ಷೆಗಳು ಇದ್ದಲ್ಲೇ ಇರಬೇಕು, ಮೇಲೆ ಬೇರೇನಾದರೂ ಬರೆದಿರದಿದ್ದರೆ. ಗಡಿಗಳನ್ನು ಮೊದಲಿದ್ದ ಜಾಗದಲ್ಲೇ, ಒಂದು ಕೂದಲೂ ಆಚೀಚೆಯಾಗದಂತೆ ಮತ್ತೆ ಎಳೆದರೆ, ಡಿ ತೆರೆದುಕೊಳ್ಳುತ್ತದೆ. ನಿಖರವಾಗಿ ಗೆರೆ ಎಳೆಯುವ ಕೆಲಸವನ್ನು ಅವರು ಮೂವತ್ತೈದು ವರ್ಷ ಮಾಡಿದ್ದರು.

ಗ್ಲೆನ್ ಅವರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹೊಸ ಡಿಸ್ಕಿನ ಡಬ್ಬಿ.

“ಇದಕ್ಕೆ ಪೂರ್ತಿ ಕಾಪಿ ಮಾಡಿ, ಈ ಕಾಪಿಯ ಮೇಲೆ ಕೆಲಸ ಮಾಡುವ ಅಕ್ಕ. ಹಳೆಯದನ್ನು ಮುಟ್ಟುದು ಬೇಡ.”

“ಇದು ನಿನ್ನೆ ಗೊತ್ತಿರ್ಲಿಲ್ವಾ?”

“ನಿನ್ನೆ ಗೊತ್ತಿದ್ದದ್ದು ಡಿ ಸೇಫ್ ಅಂತ ಮಾತ್ರ.”

ಅವನ ಪ್ರಾಮಾಣಿಕತೆಗೆ ರತ್ನಾವತಿ ಕುರ್ಚಿಯನ್ನು ಅವನತ್ತ ತಳ್ಳಿದರು. ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸಿನಲ್ಲಿ ಕಂಪ್ಯೂಟರನ್ನು ಆರಂಭಿಸಿ, ಹಳೆಯ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ, ಖಾಲಿ ಜಾಗವನ್ನೂ ಬಿಡದೆ, ಹೊಸದಕ್ಕೆ ನಕಲಿಸಲು ಹಚ್ಚಿದರು. ಐದು ಗಂಟೆ ಬೇಕೆಂದು ಪರದೆ ಹೇಳಿತು.

ಆ ಐದು ಗಂಟೆಯ ನಡುವೆ ಸುಹರಾ ಬಂದಳು. ಗಂಡ ತೀರಿಕೊಂಡ ಮೇಲೆ ಬೋಟನ್ನು ಮಾರದೆ ಉಳಿಸಿಕೊಂಡು, ಆರು ವರ್ಷದಿಂದ ತಾನೇ ನಡೆಸುತ್ತಿರುವವಳು. ಬೋಟಿನ ಹೆಸರು ‘ಅಲ್ ಬರಕ’. ಮೇ ತಿಂಗಳ ಕೊನೆಯ ಟ್ರಿಪ್ಪಿನಲ್ಲಿ ಪ್ರೊಪೆಲ್ಲರಿಗೆ ಹಗ್ಗ ಸುತ್ತಿ ಶಾಫ್ಟು ಬಾಗಿತ್ತು.

“ನನ್ನ ಶಾಫ್ಟ್ ಆಯ್ತಾ ರತ್ನಕ್ಕ?”

“ಆಗ್ಲಿಲ್ಲ ಸುಹರಾ. ನಿನ್ನ ಬೋಟಿನ ಡ್ರಾಯಿಂಗ್ ಕಳೆದುಹೋಗಿದೆ. ಹುಡುಕ್ತಾ ಇದ್ದೇನೆ.”

“ಬಾಗಿದ್ದನ್ನು ಅಳೆದ್ರೆ ಆಗುದಿಲ್ವಾ?”

“ಬಾಗಿದ್ದು ಮಾತ್ರ ಆದ್ರೆ ಅಳೀಬಹುದು. ಅದು ಸವೆದೂ ಇದೆ. ಅದನ್ನು ನೋಡಿ ಮಾಡಿದ್ರೆ ಹೊಸ ಶಾಫ್ಟು ಹುಟ್ಟುವಾಗಲೇ ಮುದುಕ.”

ಸುಹರಾ ನಗಲಿಲ್ಲ. ಕೊಡೆಯ ನೀರನ್ನು ಬಾಗಿಲ ಹೊರಗೆ ಕೊಡವಿ ಹೇಳಿದಳು: “ಒಂದನೇ ತಾರೀಕು ಎಲ್ಲರ ಬೋಟ್ ಹೋಗುವಾಗ ನಾನು ಬಂದರಿನ ಧಕ್ಕೆಯಲ್ಲಿ ನಿಂತು ಟಾಟಾ ಮಾಡುದಾ? ನನ್ನ ಬೋಟಿನ ಎಂಟು ಜನ ಬೇರೆ ಬೋಟು ಹತ್ತಿದ್ರೆ ಮತ್ತೆ ಬರುದಿಲ್ಲ ಅಕ್ಕ. ಹೆಂಗಸಿನ ಬೋಟು ಅಂತ ಅವರಿಗೆ ಈಗಲೇ ಒಂದು ಕಾಲು ಹೊರಗೆ.”

“ಎರಡೂ ಕಾಲು ಒಳಗೆ ಇರಿಸು. ನಾನು ಶಾಫ್ಟ್ ಕೊಡ್ತೇನೆ.”

ಅವಳು ಹೋದ ಮೇಲೆ ಮುದ್ದು ತನ್ನ ಲೇತಿನ ಬಳಿಯಿಂದಲೇ ಕೂಗಿದ: “ಸಿಗ್ತದೆ ಅಂತ ಗ್ಯಾರಂಟಿ ಉಂಟಾ ಅಕ್ಕ, ಮಾತು ಕೊಟ್ರಿ?”

“ಇಲ್ಲ. ಕೊಟ್ಟಾಯ್ತಲ್ಲ ಈಗ.”

ಬುಧವಾರ ಬೆಳಿಗ್ಗೆ ನಕಲಿನ ಮೇಲೆ ಹಳೆಯ ಗಡಿಗಳ ಹುಡುಕಾಟ ನಡೆಯಿತು. ಡಿಸ್ಕಿನ ಪ್ರತಿ ಭಾಗವೂ ತನ್ನ ಮೊದಲ ತುಣುಕಿನಲ್ಲಿ ತನ್ನ ಉದ್ದವನ್ನು ಬರೆದಿಟ್ಟುಕೊಂಡು, ಅದರದೇ ಪ್ರತಿಯನ್ನು ಕೊನೆಯ ತುಣುಕಿನಲ್ಲೂ ಇಟ್ಟಿರುತ್ತದೆ. ಅಂಥ ಗುರುತುಗಳನ್ನು ಹುಡುಕುವ ಒಂದು ತಂತ್ರಾಂಶ ಡಿಸ್ಕಿನ ಉದ್ದಕ್ಕೂ ಸವರಿಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಕಂಡುಹಿಡಿದದ್ದು ಮೂರು ಭಾಗಗಳನ್ನಲ್ಲ, ನಾಲ್ಕನ್ನು. ಒಂದು ತೊಂಬತ್ತೇಳು ಜಿಬಿ, ಒಂದು ನೂರ ನಲವತ್ತಾರು, ಎರಡು ನೂರ ಎಂಬತ್ತನಾಲ್ಕು.

“ತೊಂಬತ್ತೇಳು ಸಿ,” ಎಂದ ಗ್ಲೆನ್. “ಅದರ ನಂತರ ಲಿಸ್ಟಿನಲ್ಲಿ ನೂರ ನಲವತ್ತಾರು ಉಂಟು. ಅದೇ ಡಿ. ಟಿಕ್ ಮಾಡ್ತೇನೆ.”

“ಕೈ ತೆಗಿ.”

“ಲಿಸ್ಟಿನಲ್ಲಿ ಮೊದಲು ಬಂದದ್ದು ಅದೇ ಅಲ್ವಾ ಅಕ್ಕ?”

“ಸೋಮವಾರ ಕೂಡ ನೀನು ಮೊದಲು ಬಂದದ್ದನ್ನೇ ಒತ್ತಿದ್ದು.”

ಅವರು ಟ್ರೇಸಿಂಗ್ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ಹನ್ನೆರಡು ಇಂಚಿನ ಒಂದು ಅಡ್ಡಗೆರೆ ಎಳೆದು, ಅದರ ಕೆಳಗೆ ಡಿಸ್ಕಿನ ಪೂರ್ತಿ ಉದ್ದವನ್ನು ಬರೆದರು: ನಾನೂರ ಅರವತ್ತೈದು. ಡಿಸ್ಕಿನ ಮೇಲಿನ ಚೀಟಿಯಲ್ಲಿ ಐನೂರು ಎಂದಿತ್ತು. ಮುದ್ದು ಅದನ್ನು ಕಂಡು, ಉಳಿದ ಮೂವತ್ತೈದನ್ನು ಯಾರು ತಿಂದರೆಂದು ಕೇಳಿದ. ಕಂಪನಿ ಎಣಿಸುವ ಜಿಬಿ ಬೇರೆ, ಕಂಪ್ಯೂಟರ್ ಎಣಿಸುವ ಜಿಬಿ ಬೇರೆ ಎಂದು ಗ್ಲೆನ್ ವಿವರಿಸಿದ. “ಇಂಚು, ಮಿಲಿಮೀಟರ್ ಇದ್ದ ಹಾಗೆ,” ಎಂದು ರತ್ನಾವತಿ ಹಾಳೆಯ ಮೂಲೆಯಲ್ಲಿ, ಪ್ರತಿ ನಕ್ಷೆಯಲ್ಲೂ ಮಾಡುವಂತೆ, ಅಳತೆಯ ಮಾನವನ್ನು ನಮೂದಿಸಿದರು.

ಶಾಫ್ಟಿನ ನಕ್ಷೆಯನ್ನು ಲೇತಿಗೆ ಕೊಡುವ ಮೊದಲು ಅವರು ಎಂದೂ ತಪ್ಪಿಸದ ಒಂದು ಪರೀಕ್ಷೆಯಿದೆ. ಪ್ರತಿ ಹಂತದ ಉದ್ದವನ್ನೂ ಕೂಡಿಸಬೇಕು. ಮೊತ್ತ ಶಾಫ್ಟಿನ ಪೂರ್ತಿ ಉದ್ದಕ್ಕೆ ಸಮನಾಗಬೇಕು. ಆಗದಿದ್ದರೆ ಎಲ್ಲೋ ಒಂದು ಅಳತೆ ಸುಳ್ಳು. ಅವರು ಕೂಡಿಸಿದರು. ತೊಂಬತ್ತೇಳು, ನೂರ ನಲವತ್ತಾರು, ನೂರ ಎಂಬತ್ತನಾಲ್ಕು: ನಾನೂರ ಇಪ್ಪತ್ತೇಳು.

“ಮೂವತ್ತೆಂಟು ಕಡಿಮೆ ಬರ್ತದೆ ಗ್ಲೆನ್. ನಿನ್ನ ಲೆಕ್ಕದಲ್ಲಿ ಡಿಗೂ ಇಗೂ ನಡುವೆ ಮೂವತ್ತೆಂಟು ಜಿಬಿ ಗಾಳಿ. ಮುದ್ದು, ಶಾಫ್ಟಿನ ನಡುವೆ ಗಾಳಿ ಬಿಟ್ಟು ಕಡೀತೀಯಾ ನೀನು?”

“ಕಡೆದ್ರೆ ಅದು ಎರಡು ಶಾಫ್ಟ್ ಆಗ್ತದೆ ಅಕ್ಕ.”

ತೊಂಬತ್ತೇಳು, ನೂರ ಎಂಬತ್ತನಾಲ್ಕು, ನೂರ ಎಂಬತ್ತನಾಲ್ಕು. ನಾನೂರ ಅರವತ್ತೈದು. ನೂರ ನಲವತ್ತಾರರ ಭಾಗವೂ ಡಿ ಆರಂಭವಾಗುವ ಜಾಗದಿಂದಲೇ ಶುರುವಾಗುತ್ತಿತ್ತು. ಎಂಟು ವರ್ಷದ ಹಿಂದೆ ಡಿಸ್ಕನ್ನು ಹೊಸದಾಗಿ ವಿಂಗಡಿಸುವ ಮೊದಲು ಅಲ್ಲಿದ್ದ ಗಡಿಯ ಗುರುತು, ಅಳಿಸದೆ ಉಳಿದುಬಿಟ್ಟಿತ್ತು. ರತ್ನಾವತಿ ಹಾಳೆಯ ಮೇಲೆ ಎರಡು ಗೀಟು ಹಾಕಿ ಮೂರು ಭಾಗ ಮಾಡಿದರು. ಆಮೇಲಷ್ಟೇ ಗ್ಲೆನ್‌ಗೆ ಸಾಲುಗಳನ್ನು ಗುರುತಿಸಲು ಹೇಳಿ, ‘ಬರೆ’ ಎಂಬ ಆಜ್ಞೆಯನ್ನು ತಾವೇ ಒತ್ತಿದರು.

ಡಿ ತೆರೆಯಿತು. ಬೋಟುಗಳ ಹೆಸರಿನ ಹಳದಿ ಕಡತಗಳು ಸಾಲುಸಾಲಾಗಿ ಪರದೆಯ ಮೇಲಿಂದ ಕೆಳಗಿಳಿದವು. ಬೆನೆಡಿಕ್ಟ್ ಬಾಗಿಲಲ್ಲಿ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ರತ್ನಾವತಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಕಡತದ ಹೆಸರು ಕಂಡಮಾತ್ರಕ್ಕೆ ಒಳಗಿನ ನಕ್ಷೆ ಇದೆಯೆಂದು ನಂಬುವ ತಪ್ಪನ್ನು ಅವರು ಮಾಡುವವರಲ್ಲ. ಒಂದೊಂದನ್ನೇ ತೆರೆದು ನೋಡತೊಡಗಿದರು. ಪ್ಲಗ್ಗು ಕೀಳುವ ಮೊದಲಿನ ಕೆಲವು ಕ್ಷಣಗಳಲ್ಲಿ ಲಿನಕ್ಸ್ ಡಿಸ್ಕಿನ ಉದ್ದಕ್ಕೂ ಅಲ್ಲಲ್ಲಿ ತನ್ನ ಗುರುತುಗಳನ್ನು ಬರೆಯಲು ಆರಂಭಿಸಿತ್ತು. ಅದು ಬರೆದ ಜಾಗದಲ್ಲಿ ಯಾವ ನಕ್ಷೆ ಇತ್ತೋ ಅದು ಇಲ್ಲ. ಸಂಜೆಯ ಹೊತ್ತಿಗೆ ಇಪ್ಪತ್ತೊಂದು ನಕ್ಷೆಗಳು ತೆರೆಯುವುದಿಲ್ಲವೆಂದು ಗೊತ್ತಾಯಿತು. ಅದರಲ್ಲಿ ಹನ್ನೆರಡರ ಪ್ರತಿ ಇಯಲ್ಲಿ ಸಿಕ್ಕಿತು. ಇಗೆ ನಕಲಿಸುವ ಅಭ್ಯಾಸ ಐದು ವರ್ಷದ ಹಿಂದೆಯೇ ನಿಂತುಹೋಗಿತ್ತು. ಆಮೇಲೆ ಬರೆದ ಒಂಬತ್ತು ಬೋಟುಗಳು ಎಲ್ಲಿಯೂ ಇರಲಿಲ್ಲ. ಒಂಬತ್ತರಲ್ಲಿ ಒಂದು ‘ಅಲ್ ಬರಕ’.

“ಆರುನೂರ ಐದು ಸಿಕ್ಕಿದೆ ಮಾರಾಯ್ರೆ!” ಎಂದರು ಬೆನೆಡಿಕ್ಟ್. “ಒಂಬತ್ತು ಹೋದ್ರೆ ಹೋಗ್ಲಿ.”

“ಆ ಒಂಬತ್ತರಲ್ಲಿ ಸುಹರಾಳದ್ದುಂಟು ಸರ್.”

ಗುರುವಾರ, ಮಾತಿನಂತೆ, ಹಳೆಯ ಡಿಸ್ಕನ್ನು ರತ್ನಾವತಿ ಅದರ ಜಾಗಕ್ಕೆ ಮರಳಿಸಿದರು. ನಕಲಿನಲ್ಲಿ ಪರೀಕ್ಷಿಸಿದ ಗಡಿಗಳನ್ನು ಅದರ ಮೇಲೂ ಎಳೆದಾಗಿತ್ತು. ಹೊಸ ಡಿಸ್ಕನ್ನು ಬೆನೆಡಿಕ್ಟ್ ತಮ್ಮ ಮನೆಯ ಕಪಾಟಿಗೆ ಒಯ್ದರು. ಇನ್ನು ಲಿನಕ್ಸಿಗೆ ಜಾಗ ಮಾಡುವುದು. ಈ ಸಲ ಕೀಲಿಮಣೆಯ ಮುಂದೆ ಕೂತದ್ದು ರತ್ನಾವತಿ. ಪಕ್ಕದಲ್ಲಿ ಟ್ರೇಸಿಂಗ್ ಹಾಳೆ: ಸಿಯ ತೊಂಬತ್ತೇಳನ್ನು ಮಾತ್ರ ಮೂರಾಗಿ ಒಡೆದಿತ್ತು. ಲಿನಕ್ಸಿಗೆ ನಲವತ್ತು, ಕಂಪ್ಯೂಟರಿನ ಮೆಮೊರಿ ಸಾಲದಾದಾಗ ಬಳಸಿಕೊಳ್ಳಲು ನಾಲ್ಕು, ದಿನನಿತ್ಯದ ಕೆಲಸಕ್ಕೆ ಐವತ್ತಮೂರು. ಡಿ, ಇಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ಮುಟ್ಟಬಾರದು’ ಎಂದು ಬರೆದಿತ್ತು.

ಲಿನಕ್ಸ್ ಅವನ್ನು ಅಕ್ಷರಗಳಿಂದ ಕರೆಯಲಿಲ್ಲ, ಒಂದು, ಐದು, ಆರು ಎಂದು ಅಂಕಿಗಳಿಂದ ಕರೆಯಿತು. ಐದೂ ಆರೂ ಒಂದೇ ಗಾತ್ರ. ರತ್ನಾವತಿ ಎರಡನ್ನೂ ತೆರೆದು ಒಳಗೇನಿದೆ ಎಂದು ನೋಡಿ, ಐದರ ಮುಂದೆ ‘ಡಿ’, ಆರರ ಮುಂದೆ ‘ಇ’ ಎಂದು ಹಾಳೆಯಲ್ಲಿ ಬರೆದುಕೊಂಡರು. ಅಳವಡಿಕೆಯ ಪ್ರಶ್ನೆ ಬಂದಾಗ ಕೊನೆಯ ಸಾಲಿಗೆ ಹೋದರು: ಬೇರೆ ವಿಧಾನ.

“ಅದರಲ್ಲಿ ಎಲ್ಲ ನಾವೇ ಹೇಳಬೇಕಾಗ್ತದೆ ಅಕ್ಕ,” ಎಂದ ಗ್ಲೆನ್.

“ಹೇಳುವ. ನಮ್ಮ ಬಾಯಿಗೆ ಎಂತ ಆಗಿದೆ?”

ಒಂದನ್ನು ತೆಗೆ, ನಲವತ್ತು ಮಾಡು, ನಾಲ್ಕು ಮಾಡು, ಐವತ್ತಮೂರು ಮಾಡು. ಹೇಳಿದ್ದೆಲ್ಲ ಪರದೆಯ ಕೆಳಗೆ ಪಟ್ಟಿಯಾಗಿ ನಿಂತಿತು, ಡಿಸ್ಕಿನಲ್ಲಿ ಏನೂ ಆಗಲಿಲ್ಲ. ಮುದ್ದು ಕೈ ಒರೆಸಿಕೊಳ್ಳುತ್ತ ಬಂದು ನೋಡಿದ.

“ಇನ್ನೂ ಕಡೀಲಿಲ್ವಾ ಇದು?”

“ಇಲ್ಲ, ಕಾಯ್ತಾ ಉಂಟು. ಒಪ್ಪಿಗೆ ಕೊಟ್ಟ ಮೇಲೆ ಕಡೀತದೆ.”

“ಹಾಗಾದ್ರೆ ನಾವು ಉಳಿಯನ್ನು ಮೊದಲು ಗಾಳಿಯಲ್ಲಿ ಓಡಿಸಿ ನೋಡುದಿಲ್ವಾ, ಶಾಫ್ಟಿಗೆ ತಾಗಿಸದೆ, ಅದೇ ಇದು.” ಅವನು ಗ್ಲೆನ್‌ನ ಭುಜ ತಟ್ಟಿದ. “ನೀನು ಮಾರಾಯ, ಸೋಮವಾರ ಸೀದಾ ಉಳಿ ನೆಟ್ಟದ್ದು!”

ರತ್ನಾವತಿ ಪಟ್ಟಿಯನ್ನು ಹಾಳೆಯೊಂದಿಗೆ ಸಾಲುಸಾಲಾಗಿ ಹೋಲಿಸಿದರು. ಐದು ಅದರಲ್ಲಿಲ್ಲ, ಆರೂ ಇಲ್ಲ. ಕೂಡಿಸಿದರೆ ತೊಂಬತ್ತೇಳು. ಒಪ್ಪಿಗೆ ಒತ್ತಿದರು. ಸಂಜೆ ಐದಕ್ಕೆ ಲೇತು ಲಿನಕ್ಸಿನ ಅಧೀನದಲ್ಲಿ ಮೊದಲ ಸಲ ತಿರುಗಿತು. ಆರಕ್ಕೆ ಡಿಯಿಂದ ತೆಗೆದ ನಕ್ಷೆಯೊಂದರಂತೆ ಬಾಕಿಯಿದ್ದ ಶಾಫ್ಟನ್ನು ಕಡೆಯಲು ಆರಂಭಿಸಿತು.

ಶುಕ್ರವಾರ ಅವರು ಬೈಕಂಪಾಡಿಗೆ ಬರಲಿಲ್ಲ. ಬಿಕರ್ನಕಟ್ಟೆಯಿಂದ ನೇರ ಹೊಯಿಗೆ ಬಜಾರಿನ ಬೋಟ್ ಯಾರ್ಡಿಗೆ ಹೋದರು. ಚೀಲದಲ್ಲಿ ಒಳ ಅಳತೆಯ ಕ್ಯಾಲಿಪರ್, ಮೈಕ್ರೋಮೀಟರ್, ಉಕ್ಕಿನ ಟೇಪು, ಒಂದು ಹಳೆಯ ಸೀರೆ. ಕಳೆದುಹೋದ ಅಳತೆಯನ್ನು ಎಲ್ಲಿಂದ ತರುವುದೆಂದು ಹಿಂದಿನ ದಿನವಿಡೀ ಅವರನ್ನು ಕಾಡಿದ ಪ್ರಶ್ನೆಗೆ ಉತ್ತರ ಸರಳವಾಗಿತ್ತು. ಶಾಫ್ಟು ಬೇರಿಂಗಿನೊಳಗೆ ತಿರುಗಿ ಸವೆಯುತ್ತದೆ. ಪ್ರೊಪೆಲ್ಲರಿನ ರಂಧ್ರ ಸವೆಯುವುದಿಲ್ಲ, ಅದು ಶಾಫ್ಟನ್ನು ಕಚ್ಚಿಕೊಂಡೇ ಇರುತ್ತದೆ. ಬೇರಿಂಗನ್ನು ಹೇಗೂ ಹೊಸ ಶಾಫ್ಟಿಗೆ ತಕ್ಕಂತೆ ಹೊಸದಾಗಿ ಹಾಕುವುದಿದೆ. ಇಳಿಜಾರಿನ ಅಳತೆ ರಂಧ್ರದೊಳಗೆ ಇದ್ದೇ ಇದೆ, ಬೋಟು ದಡದಲ್ಲಿರುವ ಇನ್ನು ಆರು ದಿನ ಮಾತ್ರ ಕೈಗೆ ಸಿಗುತ್ತದೆ.

‘ಅಲ್ ಬರಕ’ದ ಹಿಂಭಾಗದ ಕೆಳಗೆ, ಕೆಸರಿನ ಮೇಲೆ ಸೀರೆ ಹಾಸಿ, ಬಿಚ್ಚಿಟ್ಟ ಪ್ರೊಪೆಲ್ಲರಿನ ಪಕ್ಕದಲ್ಲಿ ಅವರು ಕೂತರು. ಸುಹರಾ ಕೊಡೆ ಹಿಡಿದು ನಿಂತಳು. ರಂಧ್ರದ ಬಾಯಲ್ಲಿ ಒಂದು ಅಳತೆ, ಒಳಗೆ ಎರಡು, ಕೊನೆಯಲ್ಲಿ ಒಂದು. ಮತ್ತೆ ಮೊದಲಿನಿಂದ ಅವೇ ನಾಲ್ಕು. ಮತ್ತೊಮ್ಮೆ.

“ಮೂರು ಸಲ ಅಳೆದ್ರೆ ಬದಲಾಗ್ತದಾ ರತ್ನಕ್ಕ?”

“ಬದಲಾದ್ರೆ ನಾನು ತಪ್ಪು. ಬದಲಾಗದಿದ್ರೆ ಶಾಫ್ಟ್ ನಿನ್ನದು.”

ಬದಲಾಗಲಿಲ್ಲ.

ಶನಿವಾರ ಮುದ್ದು ಅದನ್ನು ಕಡೆದ. ಸೋಮವಾರ ಶಾಫ್ಟನ್ನು ಯಾರ್ಡಿಗೆ ಒಯ್ದು, ಇಳಿಜಾರಿನ ತುದಿಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಪ್ರೊಪೆಲ್ಲರನ್ನು ಅದರ ಮೇಲೆ ಕೂರಿಸಿ ಎಳೆದು ತೆಗೆದರು. ಎರಡೂ ಒಂದಕ್ಕೊಂದು ಸರಿಯಾಗಿ ಕಚ್ಚಿದರೆ ನೀಲಿ ರಂಧ್ರದ ಸುತ್ತಲೂ ಸಮನಾಗಿ ಅಂಟಬೇಕು. ಮುದ್ದು ಟಾರ್ಚು ಹಾಕಿದ. ರಂಧ್ರದೊಳಗೆ, ಬಾಯಿಯಿಂದ ಕೊನೆಯವರೆಗೆ, ಎಲ್ಲಿಯೂ ಖಾಲಿ ಉಳಿಯದೆ ನೀಲಿ ಹರಡಿತ್ತು. ಸುಹರಾ ಬೆರಳು ಹಾಕಿ ಸವರಿ, ಬೆರಳಿನ ನೀಲಿಯನ್ನು ಮೇಲೆ ಬೋಟಿನ ಅಂಚಿನಲ್ಲಿ ಕೂತಿದ್ದ ತನ್ನ ಎಂಟು ಜನರಿಗೆ ಎತ್ತಿ ತೋರಿಸಿದಳು.

ರತ್ನಾವತಿ ಆಗಲೇ ಸೀರೆಯನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದರು. ನಕ್ಷೆ ಕಳೆದುಹೋದ ಬೋಟುಗಳ ಪಟ್ಟಿಯಲ್ಲಿ ಇನ್ನೂ ಎಂಟು ಹೆಸರಿತ್ತು. ಆ ಬೋಟುಗಳ ಶಾಫ್ಟಿಗೆ ಈ ವರ್ಷ ಏನೂ ಆಗಿರಲಿಲ್ಲ, ಅಳೆದುಕೊಡಿ ಎಂದು ಯಾರೂ ಕೇಳಿರಲಿಲ್ಲ.

“ಅವು ಇನ್ನೊಂದು ವರ್ಷ ಆಗ್ಲಿ ಅಕ್ಕ,” ಎಂದ ಮುದ್ದು. “ಯಾರಿಗೂ ಅರ್ಜೆಂಟ್ ಇಲ್ಲ.”

“ಗುರುವಾರ ಬೋಟು ನೀರಿಗೆ ಇಳಿದ್ರೆ ಪ್ರೊಪೆಲ್ಲರ್ ನೋಡ್ಲಿಕ್ಕೆ ನೀನು ಮುಳುಗ್ತೀಯಾ?” ಅವರು ಕ್ಯಾಲಿಪರಿನ ನೀರನ್ನು ಸೆರಗಿನಿಂದ ಒರೆಸಿ, ಯಾರ್ಡಿನ ಮೇಸ್ತ್ರಿಯ ಕಡೆಗೆ ತಿರುಗಿದರು. “ಆ ಕಡೆ ಹಸಿರು ಬೋಟುಂಟಲ್ಲ, ಅದರ ಪ್ರೊಪೆಲ್ಲರ್ ಬಿಚ್ಚಲಿಕ್ಕೆ ಎಷ್ಟು ಹೊತ್ತು ಬೇಕು?”